ತಲೆಯನ್ನೇ ಹಡಗಿಗೆ ಅಂಟಿಸಿಕೊಂಡವರು

ಶಿವರಾತ್ರಿ ಕಳೆದ ವಾರ ಮಂಜೇಶ್ವರದ ಕಡಲ ಬದಿಯಲ್ಲಿ ಒಂದು ಬೋಟನ್ನು ಮೇಲೆ ಎಳೆದು ಹಾಕಿದ್ದರು. ಬೆಳಿಗ್ಗೆಯಷ್ಟೇ ನೀರಿನಿಂದ ತೆಗೆದದ್ದು, ಅಡಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ನೀಲಿ ಬಣ್ಣ, ಬಿಳಿ ಅಕ್ಷರದಲ್ಲಿ ಹೆಸರು, ನೋಡಲು ಚಂದ. ಬಗ್ಗಿ ಅಡಿ ನೋಡಿದರೆ ಅದೇ ಬೋಟು ಅಂತ ಹೇಳುವ ಹಾಗಿಲ್ಲ. ಬಿಳಿ ಬಿಳಿ ಗುಬುಟುಗಳು, ನಡುವೆ ಹಸಿರು ಕೂದಲಿನಂಥ ಪಾಚಿ, ಚುಕ್ಕಾಣಿಯ ಸಂದಿಯಲ್ಲಿ ಗೊಂಚಲು ಗೊಂಚಲಾಗಿ ಚಿಪ್ಪು. ಒಬ್ಬರು ಚಪ್ಪಟೆ ಉಳಿ ಹಿಡಿದು ಕರ್ ಕರ್ ಅಂತ ಹೆರೆಯುತ್ತಿದ್ದರು. ನಾನು ಬರಿಗಾಲಲ್ಲಿ ಹತ್ತಿರ ಹೋದೆ.

"ಮಾಷ್ಟ್ರೆ, ಚಪ್ಪಲಿ ಹಾಕಿಕೊಳ್ಳಿ. ಇದು ಬ್ಲೇಡಿನ ಹಾಗೆ," ಎಂದರು. ಆಮೇಲೆ ಉಳಿಯಿಂದಲೇ ಅಡಿಯನ್ನು ತೋರಿಸಿ, "ನಾವು ಹಾಕುವ ಡೀಸೆಲಿನಲ್ಲಿ ಇವಕ್ಕೂ ಒಂದು ಪಾಲು ಉಂಟು," ಅಂತ ಸೇರಿಸಿದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಅದಕ್ಕೆ ಆಮೇಲೆ ಬರುತ್ತೇನೆ. ಆ ದಿನ ನನ್ನ ತಲೆಯಲ್ಲಿ ಕೂತದ್ದು ಬೇರೆ ಪ್ರಶ್ನೆ. ಈ ಬೋಟು ಹೆಚ್ಚೆಂದರೆ ಕೆಲವು ದಿನ ಹೊರಗೆ ಹೋಗಿ ಬರುತ್ತದೆ. ಆದರೆ ನಮ್ಮ ಉದುಮ, ಕೋಟಿಕುಳಂ ಕಡೆಯ ಹುಡುಗರು ದುಡಿಯುವ ಹಡಗುಗಳು ತಿಂಗಳುಗಟ್ಟಲೆ ತಿರುಗುತ್ತವೆ. ಒಂದು ಕಡೆ ಸೆಕೆ, ಇನ್ನೊಂದು ಕಡೆ ಚಳಿ, ನಡುವೆ ಎಲ್ಲೋ ಸಿಹಿನೀರು. ಹಗಲೂ ರಾತ್ರಿಯೂ ನೀರು ರಭಸದಿಂದ ಉಜ್ಜುತ್ತಾ ಹೋಗುತ್ತದೆ. ಅಂಥ ಹಡಗಿನ ಅಡಿಗೆ ಅಂಟಿಕೊಂಡ ಈ ಜೀವಿಗಳು ಸಾಯುವುದಿಲ್ಲ ಯಾಕೆ?

ಉಳಿಯಿಂದ ಎದ್ದು ಬಂದ ಒಂದು ತುಂಡನ್ನು ಮನೆಗೆ ತಂದೆ. ಮೂರ್ನಾಲ್ಕು ಗುಬುಟುಗಳು ಒಂದು ಹಳೆಯ ಚಿಪ್ಪಿನ ಮೇಲೆ ಕೂತಿದ್ದವು. ಗಾಜಿನ ಲೋಟಕ್ಕೆ ಕಡಲ ನೀರು ಹಾಕಿ ಅದರಲ್ಲಿಟ್ಟೆ. ಹತ್ತು ನಿಮಿಷ ಏನೂ ಇಲ್ಲ. ಸುಮ್ನೆ ಕಲ್ಲು. ಆಮೇಲೆ ಒಂದರ ತುದಿಯಲ್ಲಿದ್ದ ಸಣ್ಣ ಬಾಗಿಲು ಸೀಳಿದ ಹಾಗೆ ತೆರೆಯಿತು. ಒಳಗಿನಿಂದ ಗರಿಯಂಥದ್ದೊಂದು ಹೊರಗೆ ಬಂದು, ಬೀಸಿ, ಮುಷ್ಟಿ ಕಟ್ಟಿದ ಹಾಗೆ ಮಡಚಿಕೊಂಡು ಒಳಗೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಲೋಟದ ಮೇಲೆ ಕೈ ಆಡಿಸಿದೆ. ನೆರಳು ಬಿದ್ದದ್ದೇ ತಡ, ಬಾಗಿಲು ಟಪ್ಪನೆ ಮುಚ್ಚಿತು.

ಇದು ಬಾರ್ನಕಲ್. ನಮ್ಮ ಕಡೆ ಇದನ್ನೂ ಬರೇ ಚಿಪ್ಪು ಅಂತಲೇ ಹೇಳಿಬಿಡುತ್ತೇವೆ. ಆದರೆ ಇದು ಮರುವಾಯಿ, ಕಲ್ಲುಮ್ಮಕಾಯಿಗಳ ಜಾತಿಯದ್ದಲ್ಲ. ಸಿಗಡಿ, ಏಡಿಗಳ ಸಂಬಂಧಿ. ಈ ತಪ್ಪು ನಾವೊಬ್ಬರೇ ಮಾಡಿದ್ದಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೇ ಇದನ್ನು ಚಿಪ್ಪುಮೀನಿನ ಜತೆ ಸೇರಿಸಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಎಂಬವರು ಇದರ ಮರಿಗಳನ್ನು ಕಂಡು, ಅವು ಈಜಾಡುವ ಸಿಗಡಿಮರಿಯಂಥವು ಎಂದು ತೋರಿಸಿದ ಮೇಲೆಯೇ ವಿಷಯ ಇತ್ಯರ್ಥವಾದದ್ದು. ಚಾರ್ಲ್ಸ್ ಡಾರ್ವಿನ್ ಅಂತೂ 1846ರಿಂದ ಎಂಟು ವರ್ಷ ಈ ಬಾರ್ನಕಲ್‌ಗಳನ್ನೇ ಕೊಯ್ದು ನೋಡುತ್ತಾ ಕೂತಿದ್ದರು. ಅವರ ಮಕ್ಕಳಲ್ಲೊಬ್ಬ ನೆರೆಮನೆಗೆ ಹೋದಾಗ, "ಇಲ್ಲಿಯ ಅಪ್ಪ ಬಾರ್ನಕಲ್ ಕೆಲಸ ಎಲ್ಲಿ ಮಾಡುತ್ತಾರೆ?" ಎಂದು ಕೇಳಿದ್ದನಂತೆ. ಎಲ್ಲ ಅಪ್ಪಂದಿರ ಕೆಲಸವೂ ಅದೇ ಎಂದುಕೊಂಡಿದ್ದ ಪಾಪ.

ಮೊಟ್ಟೆಯಿಂದ ಬಂದ ಮರಿ ನೀರಿನಲ್ಲಿ ತೇಲುತ್ತಾ, ತಿನ್ನುತ್ತಾ, ಪೊರೆ ಕಳಚುತ್ತಾ ಆರು ಹಂತ ದಾಟುತ್ತದೆ. ನಮ್ಮಂಥ ಬೆಚ್ಚಗಿನ ನೀರಿನಲ್ಲಿ ಇದಕ್ಕೆ ಒಂದು ವಾರದ ಆಸುಪಾಸು ಸಾಕು. ಆಮೇಲಿನ ಹಂತ ವಿಚಿತ್ರ. ಆಗ ಅದು ಏನನ್ನೂ ತಿನ್ನುವುದಿಲ್ಲ. ಅದಕ್ಕಿರುವುದು ಒಂದೇ ಕೆಲಸ, ಮನೆ ಹುಡುಕುವುದು. ಅರ್ಧ ಮಿಲಿಮೀಟರ್ ಉದ್ದದ ಈ ಮರಿ ತಲೆಯಲ್ಲಿರುವ ಎರಡು ಮೀಸೆಗಳ ಮೇಲೆ ನಡೆಯುತ್ತದೆ. ಪ್ರತಿ ಹೆಜ್ಜೆಗೂ ಒಂದು ಚೂರು ಅಂಟು ಬಿಡುತ್ತಾ, ಮೇಲ್ಮೈಯನ್ನು ಮುಟ್ಟಿ ಮುಟ್ಟಿ ಪರೀಕ್ಷೆ ಮಾಡುತ್ತದೆ. ಅಲ್ಲಿ ತನ್ನ ಜಾತಿಯವರು ಇದ್ದಾರಾ? ಮೊದಲು ಇದ್ದ ಗುರುತಾದರೂ ಉಂಟಾ? ಇದ್ದರೆ ಬಹಳ ಸಂತೋಷ.

ಸಂತೋಷಕ್ಕೆ ಕಾರಣ ಉಂಟು. ಒಮ್ಮೆ ಅಂಟಿದ ಮೇಲೆ ಬಾರ್ನಕಲ್ ಜನ್ಮದಲ್ಲಿ ಅಲ್ಲಾಡುವುದಿಲ್ಲ. ಸಂಸಾರ ಆಗಬೇಕಾದರೆ ಪಕ್ಕದಲ್ಲೇ ಯಾರಾದರೂ ಇರಬೇಕು. ಹೆಚ್ಚಿನವು ಗಂಡೂ ಹೌದು, ಹೆಣ್ಣೂ ಹೌದು. ಆದರೂ ಜೋಡಿ ಬೇಕು. ಅದಕ್ಕಾಗಿ ಅವುಗಳ ಪುರುಷಾಂಗ ಮೈಯ ಎಂಟು ಪಟ್ಟು ಉದ್ದದವರೆಗೂ ಚಾಚುತ್ತದೆ. ಮೈಯ ಗಾತ್ರಕ್ಕೆ ಹೋಲಿಸಿದರೆ ಪ್ರಾಣಿಲೋಕದಲ್ಲೇ ಇದು ದಾಖಲೆ. ಕ್ಲಾಸಿನಲ್ಲಿ ಹೇಳಲಾಗದ ಸಂಗತಿ, ಇಲ್ಲಿ ಹೇಳಿದ್ದೇನೆ.

ಜಾಗ ಒಪ್ಪಿಗೆಯಾದರೆ ಮರಿ ತಲೆ ಕೆಳಗೆ ಮಾಡಿ ಅಂಟು ಸುರಿಯುತ್ತದೆ. ಮೊದಲು ಎಣ್ಣೆಯಂಥ ಒಂದು ತೊಟ್ಟು ಬಂದು ಅಲ್ಲಿಯ ನೀರನ್ನು ಬದಿಗೆ ತಳ್ಳುತ್ತದೆ. ಆಮೇಲೆ ಪ್ರೋಟೀನಿನ ಅಂಟು ಬಂದು ಗಟ್ಟಿಯಾಗುತ್ತದೆ. ನಾವು ಚಪ್ಪಲಿ ಅಂಟಿಸಬೇಕಾದರೂ ಮೊದಲು ಒರೆಸಿ ಒಣಗಿಸುತ್ತೇವೆ, ಅಲ್ವಾ? ಇದು ಉಪ್ಪುನೀರಿನ ಒಳಗೇ ಆ ಕೆಲಸ ಮುಗಿಸುತ್ತದೆ. ಬಳಿಕ ಸುತ್ತ ಸುಣ್ಣದ ಗೋಡೆ ಎದ್ದೇಳುತ್ತದೆ, ಮೇಲೆ ಎರಡು ಜೊತೆ ಫಲಕಗಳ ಬಾಗಿಲು. ತಲೆ ನೆಲಕ್ಕೆ ಅಂಟಿತು, ಕಾಲು ಮೇಲಾಯಿತು. ಲೋಟದಲ್ಲಿ ನಾನು ಗರಿ ಅಂದುಕೊಂಡದ್ದು ಅದರ ಆರು ಜೊತೆ ಕಾಲುಗಳು. ಕಾಲಲ್ಲಿ ಊಟ ಬಾಚಿ ಬಾಯಿಗೆ ಹಾಕಿಕೊಳ್ಳುವುದೇ ಅದರ ಉಳಿದ ಬದುಕು.

ಇನ್ನು ಪ್ರಯಾಣ. ಎಲ್ಲರೂ ಮಾಡುವ ತಪ್ಪು ಲೆಕ್ಕ ಒಂದುಂಟು. ಹಡಗು ಓಡುವಾಗ ಇವು ಬಂದು ಹತ್ತಿಕೊಳ್ಳುತ್ತವೆ ಅಂದುಕೊಳ್ಳುತ್ತೇವೆ. ಇಲ್ಲ. ಓಡುವ ಹಡಗಿಗೆ ಆ ಅರ್ಧ ಮಿಲಿಮೀಟರ್ ಮರಿ ಕಾಲೂರಲು ಆಗುವುದೇ ಇಲ್ಲ. ಹತ್ತುವುದು ಹಡಗು ನಿಂತಾಗ. ಬಂದರಿನಲ್ಲಿ ಸರಕು ಇಳಿಯಲು ಕಾಯುವಾಗ, ಹೊರಗೆ ಲಂಗರು ಹಾಕಿ ಸರದಿಗಾಗಿ ದಿನ ಎಣಿಸುವಾಗ. ನಮ್ಮ ಬಸ್ಸಿನ ಹಾಗೆಯೇ. ಹಾಗಾಗಿ ಎಷ್ಟು ದೂರ ಹೋಗಿದೆ ಎನ್ನುವುದಕ್ಕಿಂತ ಎಷ್ಟು ದಿನ ಸುಮ್ನೆ ನಿಂತಿತ್ತು ಎನ್ನುವುದು ಮುಖ್ಯ. ವಾರಗಟ್ಟಲೆ ನಿಂತ ಹಡಗು, ಎಳೆದುಕೊಂಡು ಹೋಗುವ ಬಾರ್ಜು, ತೇಲುವ ಡಾಕು, ಇವುಗಳ ಅಡಿ ತೋಟದಂತಿರುತ್ತದೆ.

ನಿಂತ ಜಾಗದಲ್ಲಿ ಮೊದಲು ಬರುವುದು ಬಾರ್ನಕಲ್ ಅಲ್ಲ, ಲೋಳೆ. ಹಡಗು ನೀರಿಗಿಳಿದ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಬಂದು ಕೂರುತ್ತವೆ, ಜತೆಗೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು. ಬೆರಳು ಎಳೆದರೆ ಜಾರುವ ಪದರ, ನಮ್ಮ ಬಾವಿಕಟ್ಟೆಯ ಮೆಟ್ಟಿಲಿನ ಹಾಗೆ. ಬಳಿಕ ಹಸಿರು ಪಾಚಿ, ಬಾರ್ನಕಲ್, ಚಿಪ್ಪುಗಳು, ಕೊಳವೆಹುಳುಗಳು, ಒಂದರ ಮೇಲೊಂದು. ಯಾರು ಯಾವಾಗ ಬರಬೇಕೆಂಬ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಆದರೆ ಲೋಳೆ ಇಲ್ಲದ ಅಡಿ ಸಿಗುವುದು ಕಷ್ಟ.

ಈಗ ಹಡಗು ಹೊರಟಿತು ಅನ್ನೋಣ. ಸರಕಿನ ಹಡಗು ಗಂಟೆಗೆ ಸುಮಾರು 25 ಕಿಲೋಮೀಟರ್ ಹೋಗುತ್ತದೆ, ಕಂಟೇನರ್ ಹಡಗು ಇನ್ನೂ ಜಾಸ್ತಿ. ಆ ವೇಗದ ನೀರಿಗೆ ಕೈ ಒಡ್ಡಿದರೆ ಹಿಡಿದುಕೊಳ್ಳಲು ಆಗದು. ಆದರೆ ಬಾರ್ನಕಲ್ ಅಷ್ಟು ಹೊರಗೆ ಕೈ ಒಡ್ಡುವುದೇ ಇಲ್ಲ. ಹಡಗಿನ ತಗಡಿಗೆ ತಾಗಿದ ನೀರು ಹಡಗಿನ ಜತೆಗೇ ಅಂಟಿ ಬರುತ್ತದೆ. ಅದರಾಚೆಯದ್ದು ಸ್ವಲ್ಪ ಹಿಂದೆ ಬೀಳುತ್ತದೆ, ಅದರಾಚೆಯದ್ದು ಇನ್ನೂ ಸ್ವಲ್ಪ. ಹೀಗೆ ಹಡಗಿನ ಸುತ್ತ ಒಂದು ನೀರಿನ ಹೊದಿಕೆ ಇರುತ್ತದೆ. ಮುಂಭಾಗದಲ್ಲಿ ಇದು ತೆಳು, ಹಿಂದೆ ಹೋದಷ್ಟೂ ದಪ್ಪ. 200 ಮೀಟರ್ ಉದ್ದದ ಹಡಗಿನ ಬಾಲದಲ್ಲಿ ಅದರ ದಪ್ಪ ಹೆಚ್ಚುಕಡಿಮೆ ಒಂದು ಮೀಟರ್. ಒಂದು ಸೆಂಟಿಮೀಟರ್ ಎತ್ತರದ, ಶಂಕುವಿನ ಆಕಾರದ ಬಾರ್ನಕಲ್ ಅದರ ಬುಡದಲ್ಲಿ ಕೂತಿರುತ್ತದೆ. ಅಲ್ಲಿಯೂ ಎಳೆತ ಇದೆ, ಆದರೆ ಪೂರ್ತಿ ವೇಗದ ಹೊಡೆತ ಅಲ್ಲ.

ಎಲ್ಲರಿಗೂ ಈ ಅದೃಷ್ಟ ಇಲ್ಲ. ಮೆತ್ತಗಿನ ಮೈಯವು, ಎತ್ತರಕ್ಕೆ ಬೆಳೆದವು ವೇಗದ ಹಡಗಿನಲ್ಲಿ ಕಿತ್ತುಹೋಗುತ್ತವೆ. ಆದರೆ ಕೆಲವು ಗಿಡದಂಥ ಪ್ರಾಣಿಗಳ ಟೊಂಗೆ ಹೋದರೂ ಬೇರು ಉಳಿಯುತ್ತದೆ, ಹಡಗು ನಿಂತಾಗ ಮತ್ತೆ ಚಿಗುರುತ್ತವೆ. ಕಾಟು ಗಿಡ ಕಡಿದ ಹಾಗೆ.

ನಿಜವಾದ ಫಸ್ಟ್ ಕ್ಲಾಸ್ ಬೋಗಿಗಳು ಬೇರೆಯೇ ಇವೆ. ಇಂಜಿನ್ ತಂಪು ಮಾಡಲು ಹಡಗು ಕಡಲ ನೀರು ಒಳಗೆಳೆದುಕೊಳ್ಳುತ್ತದೆ. ಅದಕ್ಕೆ ಅಡಿಯಲ್ಲಿ ಜಾಲರಿ ಹಾಕಿದ ಪೆಟ್ಟಿಗೆಯಂಥ ಗೂಡುಗಳಿರುತ್ತವೆ. ಒಳಗೆ ರಭಸ ಇಲ್ಲ, ಹೊಸ ನೀರು ಬರುತ್ತಲೇ ಇರುತ್ತದೆ. ಅಲ್ಲಿ ಬಾರ್ನಕಲ್ ಮಾತ್ರ ಅಲ್ಲ, ಓಡಾಡುವ ಏಡಿಗಳೂ ಸಿಕ್ಕಿವೆ. ಚುಕ್ಕಾಣಿಯ ಸಂದಿ, ಪ್ರೊಪೆಲ್ಲರಿನ ದಂಡದ ಸುತ್ತ, ಪಕ್ಕಕ್ಕೆ ತಿರುಗಿಸುವ ಫ್ಯಾನಿನ ಸುರಂಗ, ಇವೆಲ್ಲ ಅಂಥವೇ. ಇನ್ನೊಂದು ಜಾಗ ಕೇಳಿದರೆ ನಗು ಬರುತ್ತದೆ. ಬಣ್ಣ ಬಳಿಯಲು ಹಡಗನ್ನು ಡಾಕಿನಲ್ಲಿ ದಿಮ್ಮಿಗಳ ಮೇಲೆ ಕೂರಿಸುತ್ತಾರೆ. ದಿಮ್ಮಿ ತಾಗಿದ ಜಾಗಕ್ಕೆ ಬ್ರಷ್ ಹೋಗುವುದಿಲ್ಲ. ಮುಂದಿನ ಸಲ ಡಾಕಿಗೆ ಬರುವವರೆಗೆ, ಅಂದರೆ ವರ್ಷಗಟ್ಟಲೆ, ಆ ಚೌಕಗಳಲ್ಲಿ ಹೊಸ ಬಣ್ಣ ಇಲ್ಲ. ಇಂಥ ಮೂಲೆಗಳೆಲ್ಲ ಸೇರಿ ಹಡಗಿನ ನೀರೊಳಗಿನ ಮೈಯಲ್ಲಿ ಸುಮಾರು 10 ಶೇಕಡಾ. ದೂರದೂರಕ್ಕೆ ಹೋಗಿ ಬದುಕುಳಿಯುವ ಜೀವಗಳಲ್ಲಿ ದೊಡ್ಡ ಪಾಲು ಅಲ್ಲಿಯದ್ದು.

ರಭಸದ ಮಾತಾಯಿತು. ಉಪ್ಪು, ಸಿಹಿ, ಬಿಸಿ, ಹಸಿವು? ಇದಕ್ಕೆ ಉತ್ತರ ಹಡಗಿನಲ್ಲಿಲ್ಲ. ಬೇಕಲ ಕೋಟೆಯ ಕೆಳಗಿನ ಬಂಡೆಗಳಲ್ಲಿ ಉಂಟು.

ಇಳಿತದ ಹೊತ್ತಿಗೆ ಅಲ್ಲಿ ಹೋಗಿ ನೋಡಿ. ನೀರು ಇಳಿದ ಮೇಲೆ ಬಂಡೆಯ ಮೇಲಿನ ಬಾರ್ನಕಲ್‌ಗಳು ಗಂಟೆಗಟ್ಟಲೆ ಬಿಸಿಲಲ್ಲಿ ಒಣಗುತ್ತವೆ. ಏಪ್ರಿಲಿನ ಮಧ್ಯಾಹ್ನ ಆ ಕಲ್ಲಿನ ಮೇಲೆ ನಾವು ಕಾಲಿಡಲಾರೆವು. ಅವು ಬಾಗಿಲು ಹಾಕಿಕೊಂಡು ಒಳಗೆ ಎರಡು ಹನಿ ನೀರು ಹಿಡಿದುಕೊಂಡು ಕೂರುತ್ತವೆ. ಮಳೆ ಬಂದರೆ ಮೈಮೇಲೆ ಸಿಹಿನೀರು. ಆಗಲೂ ಬಾಗಿಲು ಬಂದ್. ಮತ್ತೆ ಭರತ ಬಂದಾಗ ಅಲೆ ಬಂದು ಅಪ್ಪಳಿಸುತ್ತದೆ. ದಿನಕ್ಕೆ ಎರಡು ಸಲ ಇದೇ ಕಥೆ. ಹುಟ್ಟಿದಂದಿನಿಂದ ಇಂಥ ಸಂಸಾರ ಮಾಡಿದವರಿಗೆ ಹಡಗಿನ ಪ್ರಯಾಣ ಏನು ಮಹಾ? ಹಡಗಿನ ಅಡಿಯಲ್ಲಿ ಒಣಗುವ ಭಯವೇ ಇಲ್ಲ.

ಕಲ್ಲುಮ್ಮಕಾಯಿಯದ್ದೂ ಇದೇ ಉಪಾಯ. ನಮ್ಮ ಪಡನ್ನ, ಚೆರುವತ್ತೂರು ಕಡೆ ಹಗ್ಗಕ್ಕೆ ಕಟ್ಟಿ ಬೆಳೆಸುತ್ತಾರಲ್ಲ, ಅದೇ. ಕೆಲವರಿಗೆ ಕಡುಕ್ಕ, ಕರ್ನಾಟಕದ ಕರಾವಳಿಯಲ್ಲಿ ನೀಲಿಕಲ್ಲು. ಅದು ಅಂಟು ಸುರಿಯುವುದಿಲ್ಲ, ನೂಲು ನೂಲಾಗಿ ದಾರ ಬಿಟ್ಟು ಕಟ್ಟಿಕೊಳ್ಳುತ್ತದೆ. ಅಡುಗೆಗೆ ಮೊದಲು ನಾವು ಎಳೆದು ಬಿಸಾಡುವ 'ಗಡ್ಡ' ಇದೆಯಲ್ಲ, ಅದೇ ಆ ದಾರ. ನೀರು ಸರಿ ಇಲ್ಲದಿದ್ದರೆ ಎರಡೂ ಚಿಪ್ಪು ಮುಚ್ಚಿ, ಎದೆಬಡಿತ ನಿಧಾನ ಮಾಡಿ, ಆಮ್ಲಜನಕ ಇಲ್ಲದೆಯೇ ಸ್ವಲ್ಪ ಕಾಲ ದಿನ ದೂಡುತ್ತದೆ.

ಪನಾಮಾ ಕಾಲುವೆಯ ನಡುವೆ ಗಟುನ್ ಎಂಬ ಸಿಹಿನೀರಿನ ಸರೋವರ ಇದೆ, ಕಡಲಿಗಿಂತ ಸುಮಾರು 26 ಮೀಟರ್ ಎತ್ತರದಲ್ಲಿ. ಕಾಲುವೆ ದಾಟಲು ಹಡಗಿಗೆ ಎಂಟು-ಹತ್ತು ಗಂಟೆ ಬೇಕು. ಕಡಲ ಜೀವಿಗಳಿಗೆ ಅದು ಗೋಡೆಯಾಗಬೇಕಿತ್ತು. ಆದರೆ ಬಾಗಿಲು ಮುಚ್ಚಿ ಹತ್ತು ಗಂಟೆ ಕೂರುವುದು ಬಾರ್ನಕಲ್‌ಗೆ ದೊಡ್ಡ ಕಷ್ಟ ಅಲ್ಲ. ಆಚೆ ಬದಿಯ ಕಡಲು ಬಂದಾಗ ತೆರೆದರಾಯಿತು.

ಹಾಗಂತ ಸಿಹಿನೀರು ಏನೂ ಮಾಡದು ಅಂತಲ್ಲ. ಸಮಯ ಕೊಡಬೇಕು ಅಷ್ಟೇ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ, ಅಂದರೆ ದೊಡ್ಡ ಬಲೆ ಎಳೆಯುವ ಬೋಟುಗಳು ಕಡಲಿಗಿಳಿಯದೆ ನಿಂತಿರುತ್ತವೆ. ಆಗ ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳು ಕೆಂಪಾಗಿ ಉಕ್ಕುತ್ತವೆ, ಅಳಿವೆಯ ಬಾಯಿಯವರೆಗೂ ಸಿಹಿನೀರು. ವಾರಗಟ್ಟಲೆ ಬಾಗಿಲು ಮುಚ್ಚಿ ಕೂರಲು ಯಾರಿಂದಲೂ ಆಗದು. ನಮ್ಮ ಪಡುವಣ ಕರಾವಳಿಯ ಅಳಿವೆಗಳಲ್ಲಿ ಪ್ರತಿ ಮಳೆಗಾಲ ಹೀಗೆ ಅಂಟುಜೀವಿಗಳ ದೊಡ್ಡ ಸಾವು ಆಗುತ್ತದೆ, ಮಳೆ ನಿಂತು ಉಪ್ಪು ಏರಿದಾಗ ಹೊಸ ಮರಿಗಳು ಬರುತ್ತವೆ. ಹಿಂದಿನ ಕಾಲದ ನಾವಿಕರೂ ಅಡಿ ಶುಚಿ ಮಾಡಲು ಹಡಗನ್ನು ನದಿಯೊಳಗೆ ತಂದು ನಿಲ್ಲಿಸುತ್ತಿದ್ದರು.

ಹಸಿವಿನ ವಿಷಯ ಹೇಳುವುದಾದರೆ, ನಡುಗಡಲಿನ ನೀರಿನಲ್ಲಿ ಊಟ ಕಡಿಮೆ. ಆದರೆ ಸಮುದ್ರ ನಾವಂದುಕೊಂಡಷ್ಟು ಖಾಲಿಯಲ್ಲ ಎಂದು ತೋರಿಸಿದ್ದು 2011ರ ಜಪಾನಿನ ಸುನಾಮಿ. ಅಲ್ಲಿಂದ ಕಿತ್ತುಹೋದ ದೋಣಿ, ತೇಲುವ ಕಟ್ಟೆ, ಪ್ಲಾಸ್ಟಿಕ್ ಸಾಮಾನುಗಳು ಪೆಸಿಫಿಕ್ ದಾಟಿ ಅಮೆರಿಕದ ತೀರ ಸೇರಿದವು. 2012ರಿಂದ 2017ರವರೆಗೆ ಅವುಗಳ ಮೇಲೆ 289 ಬಗೆಯ ಜಪಾನಿನ ಜೀವಿಗಳು ಜೀವಂತ ಸಿಕ್ಕಿದವು. ಒಂದು ಸಣ್ಣ ದೋಣಿಯೊಳಗೆ ಐದು ಮೀನುಗಳೇ ಈಜಾಡಿಕೊಂಡು ಬಂದಿದ್ದವು. ವರ್ಷಗಟ್ಟಲೆ ತೇಲಿದರೂ ಸಾಯದವರಿಗೆ ಮೂರು ವಾರದ ಹಡಗಿನ ದಾರಿ ಯಾವ ಲೆಕ್ಕ.

ಇನ್ನು ಡೀಸೆಲಿನ ಪಾಲು. ಒರಟು ಅಡಿ ನೀರನ್ನು ಹಿಡಿದು ಎಳೆಯುತ್ತದೆ. ಅಮೆರಿಕದ ಒಂದು ಬಗೆಯ ಯುದ್ಧನೌಕೆಗೆ ಹಾಕಿದ ಲೆಕ್ಕದ ಪ್ರಕಾರ, ಅಡಿಯಲ್ಲಿ ಚಿಪ್ಪುಗಳು ದಟ್ಟವಾಗಿ ಕೂತಿದ್ದರೆ 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ವೇಗದಲ್ಲಿ ಹೋಗಲು 86 ಶೇಕಡಾದವರೆಗೂ ಹೆಚ್ಚಿನ ಶಕ್ತಿ ಬೇಕು. ಬರೀ ಲೋಳೆ ಇದ್ದರೂ ಖರ್ಚು ಏರುತ್ತದೆ. ಹೀಗಾಗಿ ಮನುಷ್ಯ ಇವುಗಳ ಜತೆ ಜಗಳ ಶುರುಮಾಡಿ ಕಾಲವಾಯಿತು. ನಮ್ಮಲ್ಲಿ ಮರದ ದೋಣಿಗೆ ಬೂತಾಯಿ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಮರ ಕೊರೆಯುವ ಹುಳು ಅದರಿಂದ ದೂರ. ದಿನಾ ದಡಕ್ಕೆ ಎಳೆದು ಒಣಗಿಸುವುದು ಇನ್ನೊಂದು ಮದ್ದು. ಸಣ್ಣ ದೋಣಿಗೆ ಅದಕ್ಕಿಂತ ಒಳ್ಳೆಯದು ಈಗಲೂ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಬ್ರಿಟಿಷರು 1761ರಲ್ಲಿ ಅಲಾರ್ಮ್ ಎಂಬ ಯುದ್ಧನೌಕೆಯ ಅಡಿಗೆ ತಾಮ್ರದ ತಗಡು ಹೊದಿಸಿದರು. ಚಿಪ್ಪುಗಳ ಕಾಟ ತಗ್ಗಿತು, ಆದರೆ ತಾಮ್ರ ತಾಗಿದ ಕಬ್ಬಿಣದ ಮೊಳೆಗಳು ಸವೆದುಹೋದವು. ಮುಂದೆ ತಾಮ್ರವೇ ಕರಗುವ ಚಿಂತೆ ಬಂದಾಗ 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಒಂದು ಉಪಾಯ ಮಾಡಿದರು. ತಗಡಿನ ಜತೆ ಸತು, ಕಬ್ಬಿಣದ ತುಂಡುಗಳನ್ನು ಸೇರಿಸಿದರೆ ಅವು ಮೊದಲು ಕರಗಿ ತಾಮ್ರ ಉಳಿಯುತ್ತದೆ. ಉಳಿಯಿತು. ಆದರೆ ಬಾರ್ನಕಲ್‌ಗಳು ಓಡೋಡಿ ಬಂದವು! ಕೆಲಸ ಮಾಡುತ್ತಿದ್ದದ್ದು ತಾಮ್ರದ ತಗಡಲ್ಲ, ಕರಗಿ ನೀರು ಸೇರುವ ತಾಮ್ರದ ವಿಷ. ಇವತ್ತಿಗೂ ಹಡಗಿನ ಅಡಿಯ ಬಣ್ಣ ಹೆಚ್ಚಾಗಿ ಕೆಂಪಗಿರಲು ಮೂಲ ಕಾರಣ ಅದರಲ್ಲಿರುವ ತಾಮ್ರದ ಆಕ್ಸೈಡ್.

1960ರ ದಶಕದಲ್ಲಿ ತವರ ಸೇರಿಸಿದ ಟಿಬಿಟಿ ಎಂಬ ಬಣ್ಣ ಬಂತು. ಅದ್ಭುತ ಕೆಲಸ ಮಾಡಿತು, ಜಾಸ್ತಿಯೇ ಮಾಡಿತು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕಣೆ ಕುಸಿದುಬಿತ್ತು. ಹೆಣ್ಣು ಶಂಖದಹುಳುಗಳಿಗೆ ಪುರುಷಾಂಗ ಮೂಡತೊಡಗಿತು. ಫ್ರಾನ್ಸ್ 1982ರಲ್ಲೇ ಸಣ್ಣ ದೋಣಿಗಳಿಗೆ ಅದನ್ನು ನಿಲ್ಲಿಸಿತು. ಜಗತ್ತಿನ ಹಡಗುಗಳಿಗೆಲ್ಲ ನಿಷೇಧ ಜಾರಿಯಾಗಲು 2008 ಬಂತು. ಈಗ ಮತ್ತೆ ತಾಮ್ರವೇ ಮುಖ್ಯ. ಆದರೆ ಅದಕ್ಕೂ ಬಗ್ಗದ ಜೀವಿಗಳಿವೆ. ವಾಟರ್‌ಸಿಪೋರಾ ಎಂಬ ಹಾಸುಜೀವಿ ತಾಮ್ರದ ಬಣ್ಣದ ಮೇಲೆಯೇ ಚಾಪೆ ಹಾಸಿದ ಹಾಗೆ ಹರಡುತ್ತದೆ. ತಾಮ್ರ ಸಹಿಸದವರು ಬಂದು ಆ ಚಾಪೆಯ ಮೇಲೆ ಕೂರುತ್ತಾರೆ. ಒಬ್ಬ ಸೀಟು ಹಿಡಿದರೆ ಇಡೀ ಸಂಸಾರ ಬಂದು ಕೂತ ಹಾಗೆ.

ಬದುಕಿ ಬಂದ ಮೇಲೆ ಇಳಿಯುವುದು ಹೇಗೆ? ಅಂಟಿದವರು ಇಳಿಯುವುದಿಲ್ಲ. ಮರಿಗಳನ್ನು ಇಳಿಸುತ್ತಾರೆ. ಹೊಸ ಬಂದರಿನ ನೀರಿನ ಬಿಸಿ ಬದಲಾದದ್ದೇ ಕಲ್ಲುಮ್ಮಕಾಯಿಗಳಿಗೆ ಮೊಟ್ಟೆ ಬಿಡುವ ಸೂಚನೆಯಾಗಬಹುದು. ನಾವು ಅಕ್ಕಿ ತುಂಬಿಸಿ ಹುರಿದು ತಿನ್ನುವ ಇದೇ ಹಸಿರು ಚಿಪ್ಪಿನ ಕಲ್ಲುಮ್ಮಕಾಯಿ 1990ರಲ್ಲಿ ಟ್ರಿನಿಡಾಡಿನಲ್ಲಿ ಕಾಣಿಸಿತು, 1999ರಲ್ಲಿ ಅಮೆರಿಕದ ಟಾಂಪಾ ಕೊಲ್ಲಿಯ ವಿದ್ಯುತ್ ಸ್ಥಾವರದ ನೀರಿನ ಕೊಳವೆಯೊಳಗೆ. ಅಲ್ಲಿಯವರಿಗೆ ಅದು ಉಪದ್ರ. ನಮಗೂ ಬಂದವರಿದ್ದಾರೆ. ಕೆರಿಬಿಯನ್ ಕಡೆಯ ಒಂದು ಸಣ್ಣ ಚಿಪ್ಪು 1967ರಲ್ಲಿ ವಿಶಾಖಪಟ್ಟಣದಲ್ಲಿ ಸಿಕ್ಕಿತು. ಈಚೆಗೆ ದಕ್ಷಿಣ ಅಮೆರಿಕದ ಕಡೆಯ ಇನ್ನೊಂದು ಚಿಪ್ಪು ಕೇರಳದ ಅಷ್ಟಮುಡಿ, ವೇಂಬನಾಡು ಹಿನ್ನೀರುಗಳಲ್ಲಿ ತುಂಬಿಕೊಂಡಿದೆ. ನಮ್ಮ ಕವ್ವಾಯಿ ಹಿನ್ನೀರಿನಲ್ಲಿ ಕಡುಕ್ಕ ಬೆಳೆಸುವವರು ಇದನ್ನು ಗಮನಿಸಲೇಬೇಕು.

ನ್ಯೂಜಿಲೆಂಡ್ 2018ರಿಂದ ಅಡಿ ಶುಚಿ ಇಲ್ಲದ ಹಡಗುಗಳಿಗೆ ಕಟ್ಟುನಿಟ್ಟು ಮಾಡಿದೆ. 2022ರ ಕೊನೆಯಲ್ಲಿ ಒಂದು ಪ್ರವಾಸಿ ಹಡಗನ್ನು ಆಸ್ಟ್ರೇಲಿಯದ ಅಡಿಲೇಡ್ ಬಂದರಿಗೆ ಬರಲು ಬಿಡದೆ ಹೊರಗೇ ನಿಲ್ಲಿಸಿದ್ದರು. ಮುಳುಗುಗಾರರು ಇಳಿದು ಅಡಿ ತೊಳೆಯುವವರೆಗೆ ನೂರಾರು ಪ್ರವಾಸಿಗಳು ಡೆಕ್ಕಿನಲ್ಲಿ ಕೂತು ಸಮುದ್ರ ನೋಡಿದ್ದೇ ಬಂತು.

ಎರಡು ದಿನ ಬಿಟ್ಟು ಮತ್ತೆ ಮಂಜೇಶ್ವರಕ್ಕೆ ಹೋದೆ, ಲೋಟದವರನ್ನು ಕಡಲಿಗೆ ಬಿಡಲು. ಅಡಿ ಹೆರೆದು ಮುಗಿದಿತ್ತು. ಆದರೆ ಬಾರ್ನಕಲ್ ಎದ್ದ ಕಡೆಯಲ್ಲೆಲ್ಲ ಚಾಕ್‌ಪೀಸಿನಲ್ಲಿ ಬರೆದ ಹಾಗೆ ಬಿಳಿ ಉಂಗುರಗಳು ಉಳಿದಿದ್ದವು. ಪ್ರಾಣಿ ಹೋದರೂ ಅದರ ಅಂಟು, ಸುಣ್ಣದ ಪಾದ ಹೋಗಿರಲಿಲ್ಲ. ಅಂದು ಉಳಿ ಹಿಡಿದಿದ್ದವರೇ ಈಗ ಉಪ್ಪುಕಾಗದ ಹಿಡಿದು ಒಂದೊಂದೇ ಉಂಗುರ ಉಜ್ಜುತ್ತಿದ್ದರು.

"ಹೇಗೂ ಬಣ್ಣ ಬಳಿಯುತ್ತೀರಲ್ಲ, ಇದೆಲ್ಲ ಯಾಕೆ?" ಎಂದೆ.

"ಉಂಗುರ ಬಿಟ್ಟರೆ ಮತ್ತೆ ಅಲ್ಲಿಗೇ ಬಂದು ಕೂರುತ್ತದೆ ಮಾಷ್ಟ್ರೆ. ಹಳೇ ಮನೆಯ ಅಡಿಪಾಯ ಅವಕ್ಕೆ ಗೊತ್ತಾಗುತ್ತದೆ," ಎಂದು ಮತ್ತೊಂದು ಉಂಗುರಕ್ಕೆ ಕೈ ಹಾಕಿದರು.